ಗಾಂಧಾರಿಯೆಂಬ ಹೆಸರು



ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿದವರಿಗೆ ಆ ನಿಲ್ದಾಣದ ಸ್ವಭಾವವು ಚೆನ್ನಾಗಿ ತಿಳಿದಿರುವುದು. ಅಲ್ಲಿ ಊರಿಗಿಂತ ನಿಲ್ದಾಣವೇ ಹಿರಿದು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯ ಹಳಿಯು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ನಿಜಾಮ ಸಂಸ್ಥಾನದ ಹಳಿಯೊಂದು ವಾಡಿಯಿಂದ ಕವಲೊಡೆದು ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾದು ಸಿಕಂದರಾಬಾದಿಗೆ ಹೋಯಿತು. ಶಹಾಬಾದವು ಮುಂಬಯಿಯ ಹಾದಿಯ ಮೇಲೆ ಬಿದ್ದಿತು. ಚಿಂಚೋಳಿ ಮಾತ್ರ ಗುಡ್ಡಗಾಡಿನ ಮಗ್ಗುಲಲ್ಲಿ ಹಳಿಗಳಿಂದ ದೂರವಾಗಿಯೇ ಉಳಿದುಕೊಂಡಿತು. ಈ ಹಾದಿಯಲ್ಲಿ ಶಹಾಬಾದಿನ ಹಾಸುಗಲ್ಲು ಹೊರಕ್ಕೆ ಹೋಯಿತು. ಒಳಕ್ಕೆ ಬಂದ ಸಾಮಾನುಗಳಲ್ಲಿ ಅರಗಿನಿಂದ ಮಾಡಿದ ಕರಿಯ ತಟ್ಟೆಗಳೂ ಇದ್ದವು. ಗ್ರಾಮೊಫೋನ್ ಪ್ಲೇಟು ಎಂದು ಜನರು ಅವನ್ನು ಕರೆಯುತ್ತಿದ್ದರು. ಈ ಹೊತ್ತಿನ ನಮ್ಮ ಮಾತು ಅಂಥ ಒಂದು ತಟ್ಟೆಯಿಂದಲೇ ಹುಟ್ಟಿದುದು.

ಶಹಾಬಾದಿನ ಒಂದು ಮನೆಯಲ್ಲಿ ಅದನ್ನು ಕಂಡೆವು. ಮನೆಯ ಹಿರಿಯರ ತಂದೆ ಅಲ್ಲಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಸಂಬಳದಲ್ಲಿ ಉಳಿಸಿ ಕೈಯಿಂದ ಕೀಲಿ ತಿರುವುವ ಗ್ರಾಮೊಫೋನ್ ಪೆಟ್ಟಿಗೆಯೊಂದನ್ನು ಕೊಂಡಿದ್ದರಂತೆ. ಪೆಟ್ಟಿಗೆ ಈಗ ಹಾಡುವುದಿಲ್ಲ. ತಟ್ಟೆಗಳು ಮಾತ್ರ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಕೊಂಡು ಅಲಮಾರಿನಲ್ಲಿ ಭದ್ರವಾಗಿವೆ. ಅವುಗಳಲ್ಲೊಂದರ ನಡುವೆ, ನಾಯಿಯ ಚಿತ್ರದ ಕೆಳಗೆ, ಗಾಂಧಾರಿ ಎಂಬ ಹೆಸರು. ಅದರ ಬೆನ್ನಿಗೇ ಹುಬ್ಬಳ್ಳಿ ಎಂಬ ಊರಿನ ಹೆಸರು. ಹಿರಿಯರ ತಂದೆಗೆ ಈ ಗಾಯಕಿಯ ಮೇಲೆ ವಿಶೇಷ ಅಭಿಮಾನವಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮೊದಲು ಹಚ್ಚುತ್ತಿದ್ದುದು ಈ ಪ್ಲೇಟನ್ನೇ. ಕೆಲವು ವರ್ಷಗಳಾದ ಮೇಲೆ ಆ ಹೆಸರಿನ ಹೊಸ ತಟ್ಟೆಗಳು ಬರುವುದು ನಿಂತುಹೋಯಿತು. ಹುಡುಗಿ ಸಣ್ಣ ವಯಸ್ಸಿನಲ್ಲೇ ತೀರಿಹೋಗಿರಬೇಕೆಂದು ಮನೆಯವರು ತಿಳಿದುಕೊಂಡರು. ಒಂದು ತಲೆಮಾರಿನವರೆಗೆ ಆ ಮನೆಯಲ್ಲಿ ಗಾಂಧಾರಿಯ ಹೆಸರನ್ನು ಒಂದು ನಿಟ್ಟುಸಿರಿನೊಡನೆ ಹೇಳುವುದು ವಾಡಿಕೆಯಾಗಿತ್ತು.

ಅದೇ ಅಲಮಾರಿನ ಮೇಲಿನ ಅಂತಸ್ತಿನಲ್ಲಿ ಗಂಗೂಬಾಯಿ ಹಾನಗಲ್ಲರ ದೊಡ್ಡ ತಟ್ಟೆಗಳೂ ಇದ್ದವು. ಅವನ್ನು ಕೊಂಡವರು ಈ ಹಿರಿಯರೇ. ಇವರಿಬ್ಬರೂ ಒಬ್ಬರೇ ಎಂದು ನಾವು ಹೇಳಿದೆವು. ಸಂತೋಷಪಡುವರೆಂದು ನಮ್ಮ ಎಣಿಕೆ. ಅವರು ನಮ್ಮನ್ನು ಕನಿಕರದಿಂದ ನೋಡಿದರು.

“ಅಲ್ರೀ ಮಾಸ್ತರ, ಆಕಿ ದನಿ ಬ್ಯಾರೆ ಅದ, ಈಕಿ ದನಿ ಬ್ಯಾರೆ ಅದ. ಕಿವಿ ಸುಳ್ಳು ಹೇಳ್ತದೇನ್ರೀ?”

ಪುಸ್ತಕದಲ್ಲಿ ಓದಿದ ಮಾತನ್ನು ನಾವು ಹೇಳಿದ್ದೆವು. ಅವರು ಅರುವತ್ತು ವರ್ಷ ಕೇಳಿದುದನ್ನು ಹೇಳಿದರು. ಆ ಕ್ಷಣದಲ್ಲಿ ನಮಗೆ ತಕ್ಕ ಉತ್ತರ ಹೊಳೆಯಲಿಲ್ಲ. ಎರಡು ಹೆಸರುಗಳು ಒಬ್ಬನೇ ವ್ಯಕ್ತಿಯವು ಎಂಬುದನ್ನು ಚರಿತ್ರೆಯು ಯಾವ ಬಲದ ಮೇಲೆ ಹೇಳುತ್ತದೆ? ತರಗತಿಯಲ್ಲಿ ವರ್ಷವರ್ಷವೂ ಚರಿತ್ರೆ ಹೇಳುವ ನಾವು ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಎದುರಿಸಿದುದು ಅದೇ ಮೊದಲು.

ಸೋಜಿಗವೆಂದರೆ, ಈ ಪ್ರಶ್ನೆಗೆ ಉತ್ತರ ಹುಡುಕಲು ಆ ಸೀಮೆಯಿಂದ ಹೊರಗೆ ಹೋಗಬೇಕಾಗಿಲ್ಲ. ಚಿತ್ತಾಪುರ ತಾಲೂಕಿನ ಭೀಮಾತೀರದಲ್ಲಿ ಸನ್ನತಿ ಎಂಬ ಗ್ರಾಮವುಂಟು. ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದೊಳಗಿನ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿಯನ್ನು ಸರಿಸಿ ನೋಡಿದಾಗ ಅದರ ಕೆಳಗಿನ ಪೀಠದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಅವು ಮೌರ್ಯ ಚಕ್ರವರ್ತಿಯ ಧರ್ಮಶಾಸನಗಳು. ಯಾವನೋ ಪುಣ್ಯಾತ್ಮನು ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಚಕ್ರವರ್ತಿಯ ಮಾತಿನ ನಡುವೆಯೇ ಕಂಡಿ ಕೊರೆದಿದ್ದನು. ಇರಲಿ. ನಮಗೆ ಈಗ ಮುಖ್ಯವಾದ ಸಂಗತಿಯೇನೆಂದರೆ, ಆ ಶಾಸನಗಳಲ್ಲಿ ಅಶೋಕ ಎಂಬ ಹೆಸರೇ ಇಲ್ಲ. ಇಂಥ ಶಾಸನಗಳಲ್ಲೆಲ್ಲ ಮಾತನಾಡುವವನು ದೇವಾನಾಂಪ್ರಿಯನಾದ ಪ್ರಿಯದರ್ಶಿ. ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ ಈ ಪ್ರಿಯದರ್ಶಿ ಯಾರೆಂಬುದು ತಿಳಿಯದೆ, ಸಿಂಹಳದ ಅರಸನಿರಬಹುದೆಂದು ಮೊದಲು ಊಹಿಸಿದರು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಎಂಬವರು ಪಾಲಿ ಗ್ರಂಥವೊಂದರ ಆಧಾರದಿಂದ ಈತನು ಅಶೋಕನೇ ಎಂದು ತೋರಿಸಿಕೊಟ್ಟರು. ವಿದ್ವಾಂಸರು ಒಪ್ಪಿದರು. ಆದರೆ ಗ್ರಂಥದ ಮಾತು ಗ್ರಂಥದ್ದು, ಕಲ್ಲಿನ ಮಾತು ಕಲ್ಲಿನದು. ಎರಡು ಹೆಸರುಗಳೂ ಒಂದೇ ಕಲ್ಲಿನ ಮೇಲೆ ಕೂಡಿ ದೊರೆಯಲು 1915ರವರೆಗೆ ಕಾಯಬೇಕಾಯಿತು. ಅದು ದೊರೆತದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಲ್ಲಿ ದೇವಾನಾಂಪ್ರಿಯ ಎಂಬುದರ ಜೊತೆಗೆ ಅಶೋಕ ಎಂಬುದೂ ಇದೆ. ಎಪ್ಪತ್ತೆಂಟು ವರ್ಷಗಳ ಊಹೆಯು ಒಂದು ಬಂಡೆಯಿಂದ ನಿಶ್ಚಯವಾಯಿತು. ಈಚೆಗೆ ಸನ್ನತಿಯ ಬಳಿಯ ಕನಗನಹಳ್ಳಿಯ ಉತ್ಖನನದಲ್ಲಿ ರಾಜಪುರುಷನೊಬ್ಬನ ಶಿಲ್ಪವೂ, ಅದರೊಡನೆ ‘ರಾಯ ಅಸೋಕ’ನೆಂಬ ಬ್ರಾಹ್ಮೀ ಬರಹವೂ ದೊರೆತಿವೆ. ಹೆಸರಿಲ್ಲದ ಶಾಸನ ಒಂದೆಡೆ, ಹೆಸರುಳ್ಳ ಚಿತ್ರ ಅದರ ನೆರೆಯಲ್ಲಿ. ಇವೆರಡೂ ಒಂದೇ ಸೀಮೆಯಲ್ಲಿ ಬಿದ್ದಿರುವುದು ಚಿತ್ತಾಪುರದವರ ಭಾಗ್ಯವೆನ್ನಬೇಕು.

ಅಲ್ಲಿಂದ ಸೇಡಂ ತಾಲೂಕಿಗೆ ಬಂದರೆ ಇದಕ್ಕೆ ವಿಪರೀತವಾದ ಉದಾಹರಣೆ. ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕವಿರಾಜಮಾರ್ಗವು ಹುಟ್ಟಿದುದು ಒಂಬತ್ತನೆಯ ಶತಮಾನದ ಆ ಆಸ್ಥಾನದಲ್ಲಿ. ಅದನ್ನು ಬರೆದವರು ಯಾರು? 1898ರಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿದ ಕೆ. ಬಿ. ಪಾಠಕರು ದೊರೆ ನೃಪತುಂಗನೇ ಎಂದರು. ಬಳಿಕ ಬಂದ ಪಂಡಿತರಲ್ಲಿ ಹಲವರು, ದೊರೆಯ ಅನುಮತಿಯಿಂದ ಶ್ರೀವಿಜಯನೆಂಬ ಕವಿಯು ಬರೆದನೆಂದು ವಾದಿಸಿದರು. ನೃಪತುಂಗ, ಅಮೋಘವರ್ಷ ಎಂಬಿವೇ ಬಿರುದುಗಳು. ಹೀಗೆ ಒಬ್ಬನ ಹೆಸರಿನ ಹಿಂದೆ ಇನ್ನೊಬ್ಬನು, ಆ ಹೆಸರಿನ ಹಿಂದೆ ಬೇರೊಂದು ಹೆಸರು. ಇಲ್ಲಿ ಮಸ್ಕಿಯಂತಹ ಬಂಡೆ ದೊರೆತಿಲ್ಲ. ನಮಗೆ ಶ್ರೀವಿಜಯನ ಪಕ್ಷವೇ ಸರಿಯೆಂದು ತೋರುತ್ತದೆ. ಆದರೆ ತೋರುವುದು ಬೇರೆ, ಸಿದ್ಧವಾಗುವುದು ಬೇರೆ.

ಇನ್ನು ತಟ್ಟೆಯ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಆರಂಭವೇ ಹೆಸರಿನ ಒಂದು ವಿನೋದದೊಡನೆ ಆಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡನ್ನು ಮುದ್ರಿಸಿದಾಗ, ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಇದು ಬಿಂಕವಲ್ಲ. ಮೇಣದ ಮೂಲಮುದ್ರಿಕೆಗಳು ಆಗ ಜರ್ಮನಿಯ ಹಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಿ ಬರಬೇಕಾಗಿತ್ತು. ಯಾರ ಹಾಡು ಯಾವುದೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಉಪಾಯ. ಆದರೆ ಹಾಗೆ ಕೂಗಿ ಹೇಳಿದ ಹೆಸರೂ ಹುಟ್ಟಿದಾಗ ಇಟ್ಟ ಹೆಸರಲ್ಲ. ಅವರು ಹುಟ್ಟಿದುದು ಆರ್ಮೀನಿಯನ್ ಮೂಲದ ಕ್ರೈಸ್ತ ಮನೆತನದಲ್ಲಿ, ಏಂಜೆಲಿನಾ ಎಂಬ ಹೆಸರಿನಲ್ಲಿ. ಅಲಹಾಬಾದಿನ ಜಾನಕೀಬಾಯಿಯವರು ತಮ್ಮ ಹೆಸರಿಗೆ ಊರನ್ನೂ ಸೇರಿಸಿ ಹೇಳುತ್ತಿದ್ದರು. ಮನೆತನದ ಹೆಸರನ್ನು ಹೇಳಲಾಗದ, ಅಥವಾ ಹೇಳಬಾರದ, ಗಾಯಕಿಯರಿಗೆ ಊರೇ ಮನೆತನವಾಯಿತು. ಬಿಳಗಿಯ ಅಮೀರಬಾಯಿಯವರಿಗಂತೂ ಇಡೀ ನಾಡೇ ಅಡ್ಡಹೆಸರು. ಅವರು ಅಮೀರಬಾಯಿ ಕರ್ನಾಟಕಿ.

ಬಂಗಾಳದಲ್ಲಿ ಈ ಮಾರುಹೆಸರಿನ ಪದ್ಧತಿಯು ಒಂದು ಕಾಲಕ್ಕೆ ವ್ಯಾಪಾರವೇ ಆಗಿಬಿಟ್ಟಿತ್ತು. ಚಿತ್ತರಂಜನ ದಾಸರ ಸೋದರಿ ಅಮಲಾ ದಾಸರು ಹಾಡಿದಾಗ ತಟ್ಟೆಯ ಮೇಲೆ ಬಂದುದು ‘ಮಿಸ್ ದಾಸ್, ಅಮೆಚೂರ್’ ಎಂದು ಮಾತ್ರ. ಆ ‘ಅಮೆಚೂರ್’ ಎಂಬ ಒಂದು ಮಾತಿನಲ್ಲಿ ಎಷ್ಟು ಅಂಜಿಕೆ ಅಡಗಿದೆ ನೋಡಿರಿ! ಈಕೆ ಹಣಕ್ಕಾಗಿ ಹಾಡುವವಳಲ್ಲ, ಮರ್ಯಾದಸ್ಥರ ಮನೆಯವಳು ಎಂದು ಕೊಳ್ಳುವವನಿಗೆ ಹೇಳುವ ಮಾತು ಅದು. ಮುನ್ಷಿ ಮಹಮ್ಮದ್ ಕಾಸೆಮ್ ಎಂಬ ಮುಸಲ್ಮಾನ ಗಾಯಕರು ಕೆ. ಮಲ್ಲಿಕ್ ಎಂಬ ಹೆಸರಿನಲ್ಲಿ ಕಾಳೀಮಾತೆಯ ಪದಗಳನ್ನು ಹಾಡಿ ಮನೆಮನೆಗಳಲ್ಲಿ ಪ್ರಸಿದ್ಧರಾದರು. ಇದಕ್ಕೆ ಪ್ರತಿಯಾಗಿ, 1930ರ ದಶಕದಲ್ಲಿ ಕಾಜಿ ನಜ್ರುಲ್ ಇಸ್ಲಾಮರು ಇಸ್ಲಾಮೀ ಗೀತಗಳನ್ನು ಬರೆಯತೊಡಗಿದಾಗ, ಹಿಂದೂ ಗಾಯಕರು ಮುಸಲ್ಮಾನ ಹೆಸರುಗಳನ್ನು ಇಟ್ಟುಕೊಂಡು ಅವನ್ನು ಹಾಡಿದರು. ಧೀರೇನ್ ದಾಸರು ಗನೀ ಮಿಯಾ ಆದರು. ಆಶ್ಚರ್ಯಮಯೀ ದಾಸಿಯವರು ಸಕೀನಾ ಬೇಗಂ ಆದರು. ಮುಂದೆ ಲಖನೌದ ತಲತ್ ಮಹಮೂದರೂ ಕಲ್ಕತ್ತೆಯಲ್ಲಿ ಬಂಗಾಳಿಯಲ್ಲಿ ಹಾಡುವಾಗ ತಪನ್ ಕುಮಾರರಾಗಿದ್ದರು. ಒಂದೇ ಗಂಟಲು ಎರಡು ಧರ್ಮಗಳಿಗೆ ಸಲ್ಲಬಲ್ಲದೆಂಬುದನ್ನು ಕಂಪೆನಿಯವರು ಬಲ್ಲರು. ಕೊಳ್ಳುವವರಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಅವರಿಗಿರಲಿಲ್ಲ.

ಪಾಶ್ಚಾತ್ಯರಲ್ಲಿಯೂ ಇದು ಉಂಟು. ಆದರೆ ಅಲ್ಲಿ ಕಾರಣ ಬಹುಮಟ್ಟಿಗೆ ಕರಾರು. 1953ರಲ್ಲಿ ಕೆನಡಾದ ಟೊರೊಂಟೊ ನಗರದ ಮ್ಯಾಸಿ ಸಭಾಂಗಣದಲ್ಲಿ ಅಮೆರಿಕದ ಜಾಜ್ ಸಂಗೀತಗಾರರಾದ ಚಾರ್ಲಿ ಪಾರ್ಕರರು ನುಡಿಸಿದ ಕಛೇರಿಯು ತಟ್ಟೆಯಾಗಿ ಹೊರಬಂದಾಗ ಅವರ ಹೆಸರು ಚಾರ್ಲಿ ಚಾನ್ ಎಂದಾಗಿತ್ತು. ಅವರು ಬೇರೊಂದು ಕಂಪೆನಿಗೆ ಕಟ್ಟುಬಿದ್ದಿದ್ದರು, ಅಷ್ಟೆ. ಕೇಳಿದ ರಸಿಕರಿಗೆ ಅದು ಯಾರೆಂಬುದು ಮೊದಲ ಸ್ವರಕ್ಕೇ ತಿಳಿಯುವಂತಿತ್ತು. ಆಸ್ಟ್ರಿಯಾದ ಪಿಟೀಲು ವಿದ್ವಾಂಸರಾದ ಫ್ರಿಟ್ಸ್ ಕ್ರೈಸ್ಲರರ ಕಥೆ ಇನ್ನೂ ರಂಜಕವಾದುದು. ಹಳೆಯ ಕಾಲದ ಮರೆತುಹೋದ ವಾಗ್ಗೇಯಕಾರರದೆಂದು ಹೇಳಿ ಅವರು ಬಹುಕಾಲ ನುಡಿಸುತ್ತಿದ್ದ ಕೆಲವು ಕೃತಿಗಳು ತಮ್ಮವೇ ಎಂದು 1935ರಲ್ಲಿ ತಾವೇ ಒಪ್ಪಿಕೊಂಡರು. ಹೊಗಳಿದ್ದ ವಿಮರ್ಶಕರಿಗೆ ಕೋಪ ಬಂದಿತು. ಕೃತಿ ಹಿಂದಿನ ದಿನ ಎಷ್ಟು ಚೆನ್ನಾಗಿತ್ತೋ ಮರುದಿನವೂ ಅಷ್ಟೇ ಚೆನ್ನಾಗಿದ್ದಿತಲ್ಲವೆ?

ನಮ್ಮ ಮಿತ್ರರೊಬ್ಬರು ಈ ಪ್ರಸಂಗವನ್ನು ಕೇಳಿ, “ಇದರಲ್ಲಿ ಹೊಸದೇನು? ನಮ್ಮ ಶರಣರೂ ದಾಸರೂ ಮಾಡಿದ್ದು ಇದನ್ನೇ ಅಲ್ಲವೆ? ಅಂಕಿತವೆಂದರೆ ಮಾರುಹೆಸರೇ” ಎಂದರು. ಇದು ನಮಗೆ ಒಪ್ಪಿಗೆಯಿಲ್ಲ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಈ ಸೀಮೆಯ ಭಜನಾ ಮಂಡಳಿಗಳು ರಾತ್ರಿಯಿಡೀ ಹಾಡುತ್ತವೆ. ಪದದ ಕೊನೆಗೆ ಗುರು ಮಹಾಂತನ ಹೆಸರು ಬಂದಾಗ ಅದು ಮಡಿವಾಳಪ್ಪನವರದೆಂದು ಗೊತ್ತಾಗುತ್ತದೆ. ಮುದನೂರಿನ ದಾಸಿಮಯ್ಯನ ರಾಮನಾಥನೂ ಹಾಗೆಯೇ. ಅಂಕಿತವು ಕರ್ತೃವನ್ನು ಮರೆಮಾಡುವುದಿಲ್ಲ. ತನ್ನ ಮಾತನ್ನು ದೇವರ ಅಥವಾ ಗುರುವಿನ ಪಾದದಲ್ಲಿಟ್ಟು ಅದನ್ನು ಯಾರಿಟ್ಟರೆಂಬುದನ್ನು ಸಾರುತ್ತದೆ. ತಟ್ಟೆಯ ಮೇಲಿನ ಮಾರುಹೆಸರು ಹೀಗಲ್ಲ. ಹಾಡಿದವರಿಗೂ ಕೇಳಿದವರಿಗೂ ನಡುವೆ ಅಂಗಡಿಯವನು ಎಳೆದ ಪರದೆ ಅದು. ಒಮ್ಮೊಮ್ಮೆ ಅದು ಹಾಡುವವರ ಕ್ಷೇಮಕ್ಕಾಗಿಯೇ ಎಳೆದ ಪರದೆಯೂ ಆಗಿರುತ್ತದೆ, ಅದನ್ನೂ ಹೇಳಬೇಕು.

ಕಿರಾಣಾ ಮನೆತನದ ಗಾಯಕರಲ್ಲಿ ಹೆಸರುಗಳ ಈ ಬದಲಾವಣೆ ವಿಶೇಷವಾಗಿ ಕಾಣುತ್ತದೆ. ಉಸ್ತಾದ್ ಅಬ್ದುಲ್ ಕರೀಂಖಾನರೂ ತಾರಾಬಾಯಿಯವರೂ ಬೇರೆಯಾದ ಮೇಲೆ ತಾಯಿಯು ಮಕ್ಕಳ ಹೆಸರುಗಳನ್ನೆಲ್ಲ ಬದಲಾಯಿಸಿದರು. ಅಬ್ದುಲ್ ರಹಮಾನನು ಸುರೇಶಬಾಬು ಮಾನೆಯಾದನು, ಚಂಪಾಕಲಿಯು ಹೀರಾಬಾಯಿ ಬಡೋದೇಕರಳಾದಳು, ಸಕೀನಾ ಸರಸ್ವತಿಯಾದಳು. ಸಂಗೀತ ಪ್ರಪಂಚವು ಇವರನ್ನು ಅರಿತದ್ದು ಈ ಎರಡನೆಯ ಹೆಸರುಗಳಿಂದಲೇ. ಖಾನಸಾಹೇಬರ ಶಿಷ್ಯರಾದ ಕುಂದಗೋಳದ ರಾಮಭಾವೂ ಅವರು ನಾಟಕರಂಗದಿಂದ ಸವಾಯಿ ಗಂಧರ್ವರೆಂಬ ಹೆಸರನ್ನು ಹೊತ್ತು ತಂದರು. ಸವಾಯಿ ಎಂದರೆ ಒಂದೂಕಾಲು. ಬಾಲ ಗಂಧರ್ವರೆಂಬ ಮತ್ತೊಬ್ಬ ನಟ ಗಾಯಕರು ಆಗಲೇ ಪ್ರಸಿದ್ಧರಾಗಿದ್ದುದರಿಂದ ಅವರಿಗಿಂತ ಕಾಲು ಪಾಲು ಹೆಚ್ಚೆಂದು ಅಭಿಮಾನಿಗಳ ಲೆಕ್ಕ! ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರಯ್ಯನೆಂಬ ಬಾಲಕನು ಕುಮಾರ ಗಂಧರ್ವನಾದುದು ಎಲ್ಲರಿಗೂ ತಿಳಿದದ್ದೇ. ಗಂಡಸರಿಗೆ ಬಂದ ಎರಡನೆಯ ಹೆಸರುಗಳೆಲ್ಲ ಬಹುಮಾನದಂತೆ ಬಂದವು ಎಂಬುದನ್ನು ಶ್ರೋತೃಗಳು ಗಮನಿಸಬೇಕು.

ಇಂಥ ಮನೆತನದ ಹಾಡಿಕೆಗೆ ಗಾಂಧಾರಿಯೆಂಬ ಹುಡುಗಿ ಬಂದುದು. ಅವರು ಹುಟ್ಟಿದುದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ಗಾಯಕಿ. ಅವರು ಹಾಡುವ ವೃತ್ತಿಯ ಮನೆತನದವರು. ಆದುದರಿಂದ ಮಗಳು ಬೀದಿಯಲ್ಲಿ ನಡೆದರೆ ಹಾಡುವವಳ ಮಗಳೆಂಬ ಹೀಯಾಳಿಕೆ. ನೆರೆಯ ಮನೆಯ ತೋಟದಲ್ಲಿ ಬಾಲ್ಯದಲ್ಲಿ ಮಾವಿನಹಣ್ಣು ಕದ್ದುದನ್ನು ಅವರು ಮುಂದೆ ನೆನಸಿಕೊಂಡು ಹೇಳುತ್ತಿದ್ದುದುಂಟು. ಆ ಮನೆಯವರು ಕೋಪಿಸಿಕೊಂಡುದು ಹಣ್ಣಿಗಾಗಿ ಅಲ್ಲ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳೆಂದು. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡುವುದಕ್ಕಿಂತ ಹೆಚ್ಚಿನ ಅಂಜಿಕೆ, ಊಟವಾದ ಮೇಲೆ ಎಂಜಲೆಲೆ ತೆಗೆಯಲು ತಮಗೆ ಹೇಳುವರೋ ಏನೋ ಎಂಬುದು.

ಮಗಳು ಹಿಂದೂಸ್ತಾನೀ ಸಂಗೀತವನ್ನು ಕಲಿಯಲೆಂದು 1928ರಲ್ಲಿ ಸಂಸಾರವು ಹುಬ್ಬಳ್ಳಿಗೆ ಬಂದಿತು. ಇಲ್ಲಿ ಒಂದು ಸಂಗತಿಯನ್ನು ನಾವು ನಿಂತು ನೆನೆಯಬೇಕು. ಮಗಳ ಕಿವಿಯಲ್ಲಿ ಎರಡು ಪದ್ಧತಿಗಳು ಬೆರೆತು ಕೆಡಬಾರದೆಂದು ಅಂಬಾಬಾಯಿಯವರು ತಮ್ಮ ಕರ್ನಾಟಕ ಸಂಗೀತದ ಹಾಡಿಕೆಯನ್ನೇ ನಿಲ್ಲಿಸಿಬಿಟ್ಟರು. ಯಾವ ತಟ್ಟೆಯ ಮೇಲೂ ಬರೆಯಲಾಗದ ತ್ಯಾಗ ಅದು. ಅವರು 1932ರಲ್ಲಿ ತೀರಿಕೊಂಡರು. ಮಗಳ ತಟ್ಟೆಗಳು ಹೊರಬರತೊಡಗಿದುದೂ ಸುಮಾರು ಆಗಲೇ. 1930ರ ದಶಕದ ಮೊದಲ ಭಾಗದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯವರು ಮುದ್ರಿಸಿದ ಆ ತಟ್ಟೆಗಳಲ್ಲಿ ಮೂರು ಮೂರೂವರೆ ನಿಮಿಷಗಳ ಚೀಜುಗಳೂ ಮರಾಠಿ ಭಾವಗೀತೆಗಳೂ ಇವೆ. ಹೆಸರು ಗಾಂಧಾರಿ ಹುಬ್ಬಳ್ಳಿ.

ಈಗ ಕೇಳಬೇಕಾದ ಪ್ರಶ್ನೆಯಿದು: ಈ ಎರಡರಲ್ಲಿ ಮಾರುಹೆಸರು ಯಾವುದು? ತಟ್ಟೆಯನ್ನು ಕಂಡವರೆಲ್ಲ ಸಾಮಾನ್ಯವಾಗಿ, ಗಂಗೂಬಾಯಿಯವರು ಮೊದಲು ಗಾಂಧಾರಿಯೆಂಬ ಮಾರುಹೆಸರಿನಲ್ಲಿ ಹಾಡುತ್ತಿದ್ದರೆಂದು ಹೇಳುವರು. ನಾವೂ ಹಾಗೆಯೇ ಹೇಳಿಕೊಂಡು ಬಂದಿದ್ದೆವು. ಆದರೆ ಗಾಂಧಾರಿಯೆಂಬುದು ತಂದೆತಾಯಿಗಳು ಇಟ್ಟ ಹೆಸರು. ಹುಬ್ಬಳ್ಳಿಯು ಅವರು ಆಗ ವಾಸವಾಗಿದ್ದ ಊರು. ತಟ್ಟೆಯು ಹೇಳುತ್ತಿರುವುದು ಸರಳವಾದ ನಿಜ. ಗಂಗೂಬಾಯಿಯೂ ಹಾನಗಲ್ಲೂ ಅನಂತರ ಬಂದವು. ಹಾನಗಲ್ಲು ಅವರು ಹುಟ್ಟಿದ ಊರೂ ಅಲ್ಲ, ಬದುಕಿದ ಊರೂ ಅಲ್ಲ, ಹಿರಿಯರ ಊರು. ಪ್ರಪಂಚವು ಮಾರುಹೆಸರನ್ನು ನಿಜವೆಂದೂ ನಿಜವಾದ ಹೆಸರನ್ನು ಮಾರುಹೆಸರೆಂದೂ ತಿಳಿಯುವ ಮಟ್ಟಿಗೆ ಎರಡನೆಯದು ಬೆಳೆದುಬಿಟ್ಟಿತು. ಪ್ರಿಯದರ್ಶಿಗೆ ಆದುದಕ್ಕೆ ಇದು ತಿರುಗುಮುರುಗು.

ಶಹಾಬಾದಿನ ಹಿರಿಯರ ಆಕ್ಷೇಪಣೆ ಇನ್ನೂ ಉಳಿದೇ ಇದೆ. ಹೆಸರಿನ ಮಾತು ಹಾಗಿರಲಿ, ದನಿ ಬೇರೆಯಲ್ಲವೆ? ಹೌದು, ಬೇರೆಯೇ. ಅವರ ಕಿವಿ ಸುಳ್ಳು ಹೇಳಲಿಲ್ಲ. ಗಾಂಧಾರಿಯ ದನಿ ಸಣ್ಣದು, ಏರಿನದು, ಎಳೆಯ ಹೆಣ್ಣುಮಗಳದು. ತಾರಸ್ಥಾಯಿಗೆ ಆಯಾಸವಿಲ್ಲದೆ ಏರುತ್ತದೆ. ಗಂಗೂಬಾಯಿಯವರ ದನಿಯೆಂದು ನಾವೆಲ್ಲ ಬಲ್ಲದ್ದು ಗಂಭೀರವಾದುದು. ತೆರೆಯ ಮರೆಯಲ್ಲಿ ಕೇಳಿದವರು ಗಂಡಸೆಂದೇ ತಿಳಿಯುವಂಥದು. ನಡುವೆ ನಡೆದದ್ದು ಗಂಟಲಿನ ಟಾನ್ಸಿಲ್ಲುಗಳ ಚಿಕಿತ್ಸೆ. ಅದರ ಬಳಿಕ ದನಿ ಕೆಳಕ್ಕಿಳಿಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೋ ಏನೋ. ಅವರು ಇಳಿದ ದನಿಯನ್ನೇ ಒಪ್ಪಿಕೊಂಡು, ಶ್ರುತಿಯನ್ನು ಇಳಿಸಿಕೊಂಡು, ಅದರ ತೂಕಕ್ಕೆ ತಕ್ಕಂತೆ ತಮ್ಮ ಗಾಯನವನ್ನು ಕಟ್ಟಿಕೊಂಡರು.

ದನಿಯೊಂದೇ ಅಲ್ಲ, ವಿದ್ಯೆಯೂ ಬದಲಾಯಿಸಿತು. ಮೊದಲ ತಟ್ಟೆಗಳ ಕಾಲಕ್ಕೆ ಅವರಿಗೆ ಕೃಷ್ಣಾಚಾರ್ಯ ಹುಲಗೂರರ ಮತ್ತು ದತ್ತೋಪಂತ ದೇಸಾಯಿಯವರ ಪಾಠವಾಗಿತ್ತು. ಸವಾಯಿ ಗಂಧರ್ವರಲ್ಲಿ ನೆಲೆಯಾದ ಶಿಕ್ಷಣವು ಮೊದಲಾದುದು ಆ ದಶಕದ ಉತ್ತರಾರ್ಧದಲ್ಲಿ, ಗುರುಗಳು ಕುಂದಗೋಳದಲ್ಲಿ ನೆಲಸಿದ ಮೇಲೆ. ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗುವರು. ಗುರುಗಳು ಒಂದು ಸ್ವರಗುಚ್ಛವನ್ನು ತೃಪ್ತಿಯಾಗುವವರೆಗೂ ಹೇಳಿಸುವರು. ಹೊತ್ತು ಮುಳುಗಿದ ಮೇಲೆ ಮತ್ತೆ ರೈಲು. ಗುರುಗಳ ಮನೆಯಲ್ಲಿಯೇ ಇದ್ದ ಹುಡುಗನೊಬ್ಬನು ನಿಲ್ದಾಣದವರೆಗೆ ಜೊತೆಗೆ ಬರುವನು. ಆ ಹುಡುಗನೇ ಭೀಮಸೇನ ಜೋಶಿ. ಕೆಲವೇ ರಾಗಗಳು, ಆದರೆ ಒಂದೊಂದರಲ್ಲೂ ವರ್ಷಗಳ ಕೃಷಿ. ಆದುದರಿಂದ ಗಾಂಧಾರಿಯನ್ನೂ ಗಂಗೂಬಾಯಿಯವರನ್ನೂ ಬೇರೆ ಬೇರೆ ಅಂತಸ್ತುಗಳಲ್ಲಿಟ್ಟ ಆ ಮನೆಯವರು ಅರಿಯದೆಯೇ ಒಂದು ಸತ್ಯವನ್ನು ಹಿಡಿದಿದ್ದರೆಂದು ಹೇಳಬೇಕಾಗುತ್ತದೆ. ತಟ್ಟೆಗಳು ಇಲ್ಲದಿದ್ದರೆ ಆ ಮೊದಲ ದನಿ ಇದ್ದಿತೆಂಬುದಕ್ಕೆ ಇಂದು ಯಾವ ಸಾಕ್ಷಿಯೂ ಇರುತ್ತಿರಲಿಲ್ಲ.

ಹಾಗಾದರೆ ಇಲ್ಲಿ ಮಸ್ಕಿಯ ಬಂಡೆ ಯಾವುದು? ಎರಡು ಹೆಸರುಗಳನ್ನು ಒಂದೆಡೆ ಕೂಡಿಸಿದವರು ಯಾರು? ಸ್ವತಃ ಅವರೇ. ಮುಪ್ಪಿನಲ್ಲಿ ಹೇಳಿದ ಆತ್ಮಕಥೆಯಲ್ಲಿಯೂ ಅನೇಕರೊಡನೆ ಆಡಿದ ಮಾತುಗಳಲ್ಲಿಯೂ ಹುಡುಗಿಯಾಗಿದ್ದ ಗಾಂಧಾರಿಯ ಬಡತನ, ಅವಮಾನ, ತಟ್ಟೆಗಳ ಸಂಗತಿಗಳನ್ನು ಮರೆಮಾಚದೆ ಹೇಳಿದರು. ಹೆಸರು ಬದಲಾದ ಅನೇಕ ಗಾಯಕಿಯರು ಹಳೆಯ ಹೆಸರನ್ನು ಹೂತುಬಿಟ್ಟಿರುವಾಗ ಇವರು ಹಾಗೆ ಮಾಡಲಿಲ್ಲ.

ಇನ್ನೂ ಒಂದು ಮಾತುಂಟು. ಗಾಂಧಾರಿಯೆಂಬ ಹೆಸರಿನ ಕೊನೆಯಲ್ಲಿ ‘ಬಾಯಿ’ ಇರಲಿಲ್ಲ. ಗಂಗೂಬಾಯಿಯಲ್ಲಿ ಅದು ಬಂದಿತು. ನಮ್ಮ ಸೀಮೆಯ ಮನೆಗಳಲ್ಲಿ ಬಾಯಿ ಎಂಬುದು ಗೌರವದ ಮಾತೇ. ಆದರೆ ಸಂಗೀತದ ಕಛೇರಿಗಳಲ್ಲಿ ಅದಕ್ಕೆ ಬೇರೊಂದು ವಾಸನೆ ಅಂಟಿಕೊಂಡಿತ್ತು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನೆನಿಸುವನು, ಹಿಂದುವಾದರೆ ಪಂಡಿತನೆನಿಸುವನು, ಕೇಸರಬಾಯಿ, ಮೋಗೂಬಾಯಿಯರಂಥ ಹೆಂಗಸರು ಮಾತ್ರ ಬಾಯಿಯರಾಗಿಯೇ ಉಳಿಯುವರು ಎಂಬ ಅರ್ಥದಲ್ಲಿ ಅವರೇ ಒಮ್ಮೆ ಹೇಳಿದ್ದರು. ಬಂಗಾಳದ ಮಿಸ್ ದಾಸರಿಗೆ ಯಾವುದನ್ನು ದೂರವಿಡಲು ಒಂದು ಪದವನ್ನು ಅಂಟಿಸಬೇಕಾಯಿತೋ, ಅದನ್ನೇ ಇವರು ಹೆಸರಿನೊಳಗೇ ಇಟ್ಟುಕೊಂಡು ಎಪ್ಪತ್ತು ವರ್ಷ ವೇದಿಕೆಯ ಮೇಲೆ ಕುಳಿತರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದಾಗಲೂ ಪತ್ರಿಕೆಗಳು ಅಚ್ಚಿಟ್ಟುದು ಅದೇ ಹೆಸರನ್ನು. ಅವರು ಹುಬ್ಬಳ್ಳಿಯಲ್ಲಿ 2009ರ ಜುಲೈ 21ರಂದು ತೀರಿಕೊಂಡರು.

ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ನಾವು ಶಹಾಬಾದಿಗೆ ಕಳುಹಿಸಿದೆವು. ಮಸ್ಕಿಯ ವಿಷಯವನ್ನೂ ಸೇರಿಸಿದ್ದೆವು. ಹದಿನೈದು ದಿನಗಳ ಮೇಲೆ ಉತ್ತರ ಬಂದಿತು. ಅಕ್ಷರಗಳು ದೊಡ್ಡವು, ಸ್ವಲ್ಪ ನಡುಗಿದಂಥವು. ಗಂಟಲಿನ ಚಿಕಿತ್ಸೆಯ ಸಂಗತಿ ತಮಗೆ ತಿಳಿದಿರಲಿಲ್ಲವೆಂದೂ, ತಂದೆ ಬದುಕಿದ್ದಾಗ ಇದು ತಿಳಿದಿದ್ದರೆ ಆ ಹುಡುಗಿ ಸಾಯಲಿಲ್ಲವ್ವ ಎಂದು ಮನೆಯವರಿಗೆಲ್ಲ ಹೇಳಿ ಪೇಢೆ ಹಂಚುತ್ತಿದ್ದರೆಂದೂ ಬರೆದಿದ್ದರು. ತಟ್ಟೆಗಳನ್ನು ಒಂದೇ ಅಂತಸ್ತಿಗೆ ತಂದಿರುವರೋ ಇಲ್ಲವೋ ಬರೆದಿರಲಿಲ್ಲ. ಗಂಟಲು ಕೆಡುವ ಮೊದಲಿನವೂ ಕೆಟ್ಟ ಹೊಸತರಲ್ಲಿನವೂ ಆದ ಮುದ್ರಿಕೆಗಳು ಎಲ್ಲಿಯಾದರೂ ಸಿಕ್ಕರೆ ತರಬೇಕು, ಒಂದರ ಹಿಂದೊಂದು ಕೇಳಿಯೇ ತೀರ್ಮಾನ ಹೇಳುವೆ ಎಂದು ಕೇಳಿಕೊಂಡಿದ್ದರು. ಮುಂದಿನ ಬಾರಿ ವಾಡಿಯಲ್ಲಿ ಗಾಡಿ ಬದಲಾಯಿಸುವಾಗ ಒಂದು ನಿಲ್ದಾಣ ಹಿಂದಕ್ಕೆ ಹೋಗಿ ಅವರಿಗೆ ಕೇಳಿಸಿ ಬರಬೇಕೆಂದಿದ್ದೇವೆ.